ಬೀಗಕ್ಕೆ ಕೀ ಕೂದರೆ ಸಾಕೋ?

ಈ ಹೂಗಿಲಿ ಗಾಂಜಾದ ಗುಣ ಇದ್ದು, ಆದರೆ ಅಮಲು ಇಲ್ಲೆ, ಗೆಂಟುಬೇನೆಂದ ಹಿಡುದು ಎಲ್ಲದಕ್ಕೂ ಆವ್ತು ಹೇಳಿ ಎಕಿನೇಶಿಯಾದ ಕುಪ್ಪಿ ಮಾರುವವು ಈಗ ಇದ್ದವು. ಈ ಮಾತಿಲಿ ಅರ್ಧ ಸತ್ಯ ಇದ್ದು. ಹಾಂಗಾಗಿಯೇ ಅದು ಪೂರಾ ಲೊಟ್ಟೆಂದ ಹೆಚ್ಚು ಅಪಾಯ.

ಸತ್ಯ ಎಷ್ಟು ಹೇಳಿ ಮದಾಲು ನೋಡುವೊ. ಎಕಿನೇಶಿಯಾ ಉತ್ತರ ಅಮೇರಿಕದ ಹುಲ್ಲುಗಾವಲಿನ ಗೆಡು. ನಮ್ಮ ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದೇ. ಅಲ್ಯಾಣ ಮೂಲನಿವಾಸಿಗೊ ಹಲ್ಲುಬೇನೆಗೆ, ದೊಂಡೆಬೇನೆಗೆ ಅದರ ಬೇರು ಅಗುದೊಂಡಿತ್ತಿದ್ದವು. ಅಗುದರೆ ನಾಲಗೆ ಜುಂ ಹೇಳ್ತು. ಅದಕ್ಕೆ ಕಾರಣ ಆಲ್ಕಮೈಡ್ ಹೇಳ್ತ ವಸ್ತುಗೊ.

ಗಾಂಜಾದ ಹಾಂಗೆ ಕೆಲಸ ಮಾಡುವ ಒಂದು ವಸ್ತು ನಮ್ಮ ಮೈಲೇ ಇದ್ದು. 1992ರಲ್ಲಿ ಜೆರುಸಲೇಮಿಲಿ ಮೆಕೋಲಂ ಹೇಳ್ತ ವಿಜ್ಞಾನಿಯ ತಂಡ ಅದರ ಕಂಡುಹಿಡುದು, ಸಂಸ್ಕೃತದ 'ಆನಂದ' ಶಬ್ದಂದ ಆನಂದಮೈಡ್ ಹೇಳಿ ಹೆಸರು ಮಡಗಿತ್ತು. ಅದು ಕೀಯ ಹಾಂಗೆ ಹೋಗಿ ಕೂಪ ಬೀಗ ಎರಡು ನಮುನೆದು: ಸಿಬಿ1 ಹೆಚ್ಚಾಗಿ ಮೆದುಳಿಲಿ, ಸಿಬಿ2 ಹೆಚ್ಚಾಗಿ ರೋಗ ತಡೆವ ಜೀವಕೋಶಂಗಳಲ್ಲಿ. ಗಾಂಜಾದ ಅಮಲು ಏರುದು ಸಿಬಿ1ಂದಾಗಿ. ಎಕಿನೇಶಿಯಾದ ಕೆಲವು ಆಲ್ಕಮೈಡ್ ಸಿಬಿ2ಕ್ಕೆ ಕೂರ್ತು ಹೇಳಿ 2006ರಲ್ಲಿ ಪ್ರಯೋಗಶಾಲೆಲಿ ತೋರ್ಸಿದವು.

ಅಷ್ಟೇ. ಕೀ ಬೀಗಕ್ಕೆ ಕೂದತ್ತು ಹೇಳಿರೆ ಮನುಷ್ಯನ ಬೇನೆ ಹೋತು ಹೇಳಿ ಅಲ್ಲ. ಹಾಂಗೆ ಆವ್ತರೆ ನವಗೆ ಕುಪ್ಪಿ ಎಂತಗೆ? ಗೆಣಮೆಣಸಿಲಿ, ಲವಂಗಲ್ಲಿ ಇಪ್ಪ ಬೀಟಾ-ಕ್ಯಾರಿಯೋಫಿಲಿನ್ ಕೂಡಾ ಇದೇ ಸಿಬಿ2ಕ್ಕೆ ಕೂರ್ತು ಹೇಳಿ 2008ರಲ್ಲಿ ಗೊಂತಾಯಿದು. ಗೆಣಮೆಣಸಿನ ಸಾರು ಉಂಡು ಆರ ಗೆಂಟುಬೇನೆ ಹೋಯಿದು ಹೇಳಿ!

ಎಕಿನೇಶಿಯಾವ ಮನುಷ್ಯರಿಂಗೆ ಕೊಟ್ಟು ಹೆಚ್ಚು ಪರೀಕ್ಷೆ ಮಾಡಿದ್ದು ಶೀತಕ್ಕೆ. ಅಂಥಾ 24 ಪರೀಕ್ಷೆ, 4,600ಕ್ಕೂ ಹೆಚ್ಚು ಜೆನರ ಲೆಕ್ಕ ಒಟ್ಟಿಂಗೆ ನೋಡಿದ ಕಾಕ್ರೇನ್ ವರದಿ 2014ರಲ್ಲಿ ಬಂತು. ಶೀತ ಗುಣ ಆವ್ತು ಹೇಳ್ಲೆ ಗಟ್ಟಿ ಆಧಾರ ಅದರಲ್ಲಿ ಸಿಕ್ಕಿದ್ದಿಲ್ಲೆ. ಸಾಲದ್ದಕ್ಕೆ ಆಲ್ಕಮೈಡ್ ನೀರಿಲಿ ಸರಿಯಾಗಿ ಕರಗುತ್ತಿಲ್ಲೆ. ಕುದುಶಿ ಚಾಯ ಮಾಡಿರೆ ಬಪ್ಪದು ರಜ್ಜವೇ.

ಆರಿಂಗೂ ಉಪದ್ರ ಇಲ್ಲದ್ದರೆ ಆನು ಬಾಯಿ ಮುಚ್ಚಿ ಕೂರ್ತಿತ್ತೆ. ಎನ್ನ ದೊಡ್ಡಮ್ಮನ ಮಗಳು ಅಕ್ಕ ಆಮವಾತದ ಮಾತ್ರೆ ನಿಲ್ಸಿ ಈ ಹನಿ ಮದ್ದು ಸುರು ಮಾಡಿತ್ತು. ಎರಡು ತಿಂಗಳಿಲಿ ಬೆರಳು ಮಡುಸಿ ತುತ್ತು ಕಟ್ಟುಲೆ ಎಡಿಯದ್ದ ಹಾಂಗೆ ಆತು. ಆಮವಾತಲ್ಲಿ ರೋಗ ತಡೆಯೆಕ್ಕಾದ ಶಕ್ತಿಯೇ ನಮ್ಮ ಗೆಂಟಿನ ಮೇಲೆ ಬೀಳುದು. ಅಂಥವಕ್ಕೆ ಎಕಿನೇಶಿಯಾ ಬೇಡ ಹೇಳಿ ಎಚ್ಚರಿಕೆ ಇದ್ದು, ಸೇವಂತಿಗೆ ಜಾತಿಯ ಹೂಗು ಮೈಗಾಗದ್ದವಕ್ಕೂ ಇದ್ದು. ಮಾರಿದವು ಅದರ ಹೇಳಿದ್ದವೇ ಇಲ್ಲೆ.

ಸಂಶೋಧನೆ ಆಗಲಿ. ಒಳ್ಳೆ ಮದ್ದು ಸಿಕ್ಕಿರೆ ನವಗೇ ಲಾಭ. ಆದರೆ ಕುಪ್ಪಿ ಹಿಡ್ಕೊಂಡು ಬಂದವರತ್ರೆ ಮೂರು ಮಾತು ಕೇಳಿ: ಇದು ಬೇರಿಂದೋ ಎಲೆದೋ? ಆಲ್ಕಮೈಡ್ ಎಷ್ಟಿದ್ದು? ಈ ಬೇನೆಗೆ ಎಷ್ಟು ಜೆನಕ್ಕೆ ಕೊಟ್ಟು ನೋಡಿದ್ದವು? ಉತ್ತರ ಇಲ್ಲದ್ದರೆ ಕುಪ್ಪಿ ಅವರತ್ರೇ ಇರಲಿ. ಡಾಕ್ಟ್ರ ಕೇಳದ್ದೆ ಮಾತ್ರೆ ಮಾಂತ್ರ ಬಿಡೆಡಿ.