ಹಗಲು ಹೊತ್ತಿನ ಸಂಘ

ಡಹಾಣು ಬಳಿಯ ಕಡಲತೀರದಲ್ಲಿ ಬೋರ್ಡಿ ಎಂಬ ಊರಿದೆ. ಈಗ ಅದು ಪಾಲ್ಘರ್ ಜಿಲ್ಲೆಗೆ ಸೇರಿದ್ದರೂ 2014ರವರೆಗೆ ಠಾಣೆ ಜಿಲ್ಲೆಯದೇ ಆಗಿತ್ತು. 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಅಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಹಾಡು, ಆಟ, ಮಣ್ಣಿನ ಬೊಂಬೆ ಎಲ್ಲ ಸಿದ್ಧವಿದ್ದರೂ ಬಡ ಕೇರಿಗಳ ಮಕ್ಕಳು ಆ ಕೇಂದ್ರದ ಬಾಲವಾಡಿಯ ಕಡೆ ಸುಳಿಯುತ್ತಿರಲಿಲ್ಲ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮನೆಯ ಪುಟ್ಟ ಹುಡುಗಿಯೇ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಬೇಕಿತ್ತು, ಹುಡುಗರು ದನ ಕಾಯಬೇಕಿತ್ತು. ಶಾಲೆ ಬೇಡವೆಂದಲ್ಲ, ಕೈ ಬಿಡುವಿರಲಿಲ್ಲ.

ತಾರಾಬಾಯಿ ಮತ್ತು ಅವರ ಜೊತೆಗಾರ್ತಿ ಅನುತಾಯಿ ವಾಘ್ ಇದಕ್ಕೆ ಮಕ್ಕಳನ್ನಾಗಲೀ ತಾಯ್ತಂದೆಯರನ್ನಾಗಲೀ ದೂರಲಿಲ್ಲ. ಬಾಲವಾಡಿಯನ್ನೇ ಕೇರಿಯ ಅಂಗಳಕ್ಕೆ ಎತ್ತಿಕೊಂಡು ಹೋದರು. ಮುಂದೆ ಕೋಸಬಾಡ್ ಬೆಟ್ಟದ ಮೇಲೆ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿದರು. ಕೂಸು ಒಂದು ಕಡೆ ಮಲಗಿದ್ದರೆ ಅಕ್ಕ ಇನ್ನೊಂದು ಕಡೆ ಅಕ್ಷರ ಕಲಿಯಬಹುದಿತ್ತು. ದನ ಕಾಯುವವರಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಈ ಅಂಗಳದ ಶಾಲೆಯೇ ಅಂಗನವಾಡಿಯಾಗಿ ದೇಶಕ್ಕೆಲ್ಲ ಹರಡಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಠಾಣೆ ಜಿಲ್ಲೆಯಲ್ಲಿ ಹುಟ್ಟಿದ ಯೋಚನೆಯೊಂದು ಕಾವೇರಿ ತೀರದ ತಾಯಂದಿರಿಗೆ ಒದಗಿ ಬಂದದ್ದು ಠಾಣೆ, ನವಿಮುಂಬಯಿ ಭಾಗದ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ನೆನೆದರಷ್ಟೇ ಸಾಲದು, ಈಗ ಅದೇ ಜಾಣ್ಮೆ ನವಿಮುಂಬಯಿಯ ಕೈಗಾರಿಕಾ ವಲಯವಾದ ಮಹಾಪೆಗೆ ಬೇಕಾಗಿದೆ.

ಮಹಾಪೆಯಲ್ಲಿ ದುಡಿಯುವವರೆಲ್ಲ ಮಹಾಪೆಯಲ್ಲಿ ಇರುವವರಲ್ಲ. ಡೊಂಬಿವಲಿಯ ತಾಯಿ ಬೆಳಗ್ಗೆ ಮಗುವನ್ನು ಹಗಲು ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರಕ್ಕೆ ಬಿಟ್ಟು, ಠಾಣೆಯಲ್ಲಿ ಗಾಡಿ ಬದಲಿಸಿ, ಘನ್ಸೋಲಿಯಲ್ಲೋ ಕೋಪರಖೈರಣೆಯಲ್ಲೋ ಇಳಿದು ರಿಕ್ಷಾ ಹಿಡಿಯುತ್ತಾಳೆ. ಕಲ್ಯಾಣದವರು ಶಿಳ್‌ಫಾಟಾ ದಾರಿಯ ಬಸ್ಸು ನೆಚ್ಚಿಕೊಂಡರೆ ಟ್ರಾಫಿಕ್ಕಿನ ದಯೆಯಲ್ಲಿರಬೇಕು. ಸಂಜೆ ಲೋಕಲ್ ತಡವಾದರೆ ಪಾಳಣಾಘರ ನಡೆಸುವಾಕೆಯ ಫೋನು. ಮಗುವಿಗೆ ಜ್ವರ ಬಂದ ದಿನ ಅಲ್ಲಿಯೂ ಬಾಗಿಲಿಲ್ಲ, ರಜೆ ಹಾಕುವುದು ಬಹುಪಾಲು ತಾಯಿಯೇ. ಊರಿನಲ್ಲಾದರೆ ಪಕ್ಕದ ಮನೆಯ ದೊಡ್ಡಮ್ಮ ಇರುತ್ತಿದ್ದರು. ಇಲ್ಲಿ ಪಕ್ಕದ ಮನೆಯವರೂ ಅದೇ ಲೋಕಲ್‌ನಲ್ಲಿದ್ದಾರೆ.

ಕಾನೂನು ಸುಮ್ಮನೆ ಕೂತಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದಿತು. ಅನಂತರದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಆದರೆ ಕೈಗಾರಿಕಾ ವಲಯವೆಂದರೆ ದೊಡ್ಡ ಗಾಜಿನ ಕಟ್ಟಡಗಳು ಮಾತ್ರವಲ್ಲ. ಇಪ್ಪತ್ತು ಮೂವತ್ತು ಜನರ ವರ್ಕ್‌ಶಾಪು, ಪ್ಯಾಕಿಂಗ್ ಘಟಕಗಳಿಗೆ ಈ ನಿಯಮ ತಾಗುವುದೇ ಇಲ್ಲ. ಹಲವರು ಗಮನಿಸದ ಒಂದು ಮಾತು ಅದೇ ಕಾನೂನಿನಲ್ಲಿದೆ: ಕೇಂದ್ರವನ್ನು ಒಬ್ಬೊಬ್ಬರೇ ನಡೆಸಬೇಕೆಂದಿಲ್ಲ, ಹಲವರು ಸೇರಿ ಒಂದನ್ನು ನಡೆಸಬಹುದು. ಒಂದೇ ರಸ್ತೆಯ ಸಣ್ಣ ಘಟಕಗಳು ಸ್ವಂತ ಮನಸ್ಸಿನಿಂದ ಕೈಜೋಡಿಸುವುದಕ್ಕೂ ಯಾರ ಅಡ್ಡಿಯಿಲ್ಲ. ಇಂಥ ಘಟಕಗಳ ಮಾಲೀಕರಲ್ಲಿ ಕನ್ನಡಿಗರೂ ಇದ್ದಾರೆ, ಇಲ್ಲಿಯ ಕನ್ನಡ ಸಂಘಗಳ ವೇದಿಕೆಯಲ್ಲಿ ಶಾಲು ಹೊದ್ದು ಕುಳಿತವರೂ ಇದ್ದಾರೆ. ಈ ಮಾತು ಅವರಿಂದ ಶುರುವಾಗಲಿ.

ನವಿಮುಂಬಯಿಯ ಕಟ್ಟಡಗಳನ್ನು ಕಟ್ಟುವ ಕೈಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವೂ ಇವೆ. ಅವರ ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲೇ ಬೆಳೆಯುತ್ತವೆ. 1969ರಲ್ಲಿ ದಿಲ್ಲಿಯ ಕಟ್ಟಡ ಕಾಮಗಾರಿಯೊಂದರ ಜಾಗದಲ್ಲಿ ಇಂಥದೇ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಮೊಬೈಲ್ ಕ್ರೆಷಸ್ ಎಂಬ ಶಿಶುಪಾಲನಾ ಸಂಸ್ಥೆಯನ್ನು ಶುರು ಮಾಡಿದರು. 1972ರಲ್ಲಿ ಅದು ಮುಂಬಯಿಗೂ ಬಂತು. ಕರ್ನಾಟಕ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವ ಯೋಜನೆ ಹಾಕಿಕೊಂಡಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಆರೈಕೆ ಸಿಗುತ್ತದೆ. ಊರು ಬಿಟ್ಟು ಬಂದ ತಾಯಿಗೆ ಅದು ಸಿಗುವುದಿಲ್ಲ. ಇಲ್ಲಿಯ ಅಂಗನವಾಡಿಯಲ್ಲಿ ತನ್ನ ಮಗುವಿಗೂ ಹಕ್ಕಿದೆ ಎಂದು ಅವಳಿಗೆ ಅವಳ ಭಾಷೆಯಲ್ಲಿ ಯಾರಾದರೂ ಹೇಳಬೇಕು. ಸಂಘಗಳ ಸದಸ್ಯರ ಪಟ್ಟಿಯಲ್ಲಿ ಈ ಕುಟುಂಬಗಳ ಹೆಸರು ಇಲ್ಲದಿರುವುದು ನಿಜಕ್ಕೂ ನೋವಿನ ವಿಷಯ.

ಇದೆಲ್ಲ ಸಂಘದ ಕೆಲಸವೇ ಎಂದು ಕೇಳುವವರಿದ್ದಾರೆ. ಮುಂಬಯಿ ಕನ್ನಡಿಗರ ಚರಿತ್ರೆಯೇ ಅದಕ್ಕೆ ಉತ್ತರ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಎಸೋಸಿಯೇಶನ್ 1932ರಲ್ಲಿ. ಎಳೆಯ ವಯಸ್ಸಿನಲ್ಲೇ ತಾಯ್ತಂದೆಯರನ್ನು ಬಿಟ್ಟು ಹೋಟೆಲು, ಕ್ಯಾಂಟೀನು ಸೇರಿದ ಕರಾವಳಿಯ ಹುಡುಗರಿಗೆ ಇಂಥ ಸಂಘಟನೆಗಳೇ ಮನೆಯ ಹಿರಿಯರಾದವು. ಹಗಲೆಲ್ಲ ಟೇಬಲ್ ಒರೆಸಿದ ಹುಡುಗ ರಾತ್ರಿ ಮೊಗವೀರರ ಶಾಲೆಯಲ್ಲೋ ಗುರುನಾರಾಯಣ ರಾತ್ರಿ ಪ್ರೌಢಶಾಲೆಯಲ್ಲೋ ಬೆಂಚಿನ ಮೇಲೆ ಕುಳಿತ, ಎಸ್ಸೆಸ್ಸಿ ಬರೆದ, ಬ್ಯಾಂಕಿಗೂ ಕಚೇರಿಗೂ ಹೋದ. ಆ ಹುಡುಗನಿಗೆ ಬಿಡುವಿದ್ದದ್ದು ರಾತ್ರಿ, ಆದ್ದರಿಂದ ಶಾಲೆ ರಾತ್ರಿ ತೆರೆಯಿತು. ಈಗ ನೆರವು ಬೇಕಾದವರಿಗೆ ಅದು ಬೇಕಿರುವುದು ಹಗಲಿನಲ್ಲಿ. ಕಾರ್ಯಕ್ರಮವಿಲ್ಲದ ದಿನಗಳಲ್ಲಿ ಸಂಘದ ಕೋಣೆಗಳಿಗೆ ಆ ಹೊತ್ತಿನಲ್ಲಿ ಬೀಗ ಬಿದ್ದಿರುತ್ತದೆ.

ಹಾಗೆ ನೆರವು ಬೇಕಾದವರಲ್ಲಿ ಮೊದಲು ನೆನಪಾಗುವುದು ಮಾತು ತಡವಾದ ಮಗುವಿನ ತಾಯಿ. ಮನೆಯಲ್ಲಿ ಕನ್ನಡ ಅಥವಾ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ನರ್ಸರಿಯಲ್ಲಿ ಇಂಗ್ಲಿಷ್. ಮೂರು ವರ್ಷವಾದರೂ ಮಗು ಮಾತಾಡದಿದ್ದರೆ ನೆಂಟರು, ಟೀಚರು, ಕೆಲವೊಮ್ಮೆ ಚಿಕಿತ್ಸಕರೂ ಹೇಳುವುದು ಒಂದೇ: ಇಷ್ಟು ಭಾಷೆ ಮಗುವಿಗೆ ಭಾರ, ಒಂದನ್ನೇ ಇಟ್ಟುಕೊಳ್ಳಿ. ಆ ಒಂದು ಭಾಷೆ ಇಂಗ್ಲಿಷೇ ಆಗುತ್ತದೆ. ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ಮಗುವನ್ನು ಮುದ್ದಿಸತೊಡಗುತ್ತಾಳೆ. ಕಾರ್ಕಳದಿಂದಲೋ ಧಾರವಾಡದಿಂದಲೋ ಮೊಮ್ಮಗುವಿಗಾಗಿಯೇ ಬಂದ ಅಜ್ಜಿ, ತಾನು ಬಾಯಿ ಬಿಟ್ಟರೆ ಮಗುವಿಗೆ ಕೆಡುಕಾದೀತೆಂದು ಸುಮ್ಮನಾಗುತ್ತಾಳೆ. ಮಾತು ಹೆಚ್ಚು ಬೇಕಾದ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ.

ಈ ಸಲಹೆಗೆ ಆಧಾರವಿಲ್ಲ. ಕೆನಡಾದಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಮೇಲೆ 2005ರಲ್ಲಿ, ಆಟಿಸಂ ಇರುವ ಮಕ್ಕಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನಗಳು ಎರಡು ಭಾಷೆಗಳ ನಡುವೆ ಬೆಳೆದದ್ದರಿಂದ ಆ ಮಕ್ಕಳ ಮಾತು ಇನ್ನಷ್ಟು ಹಿಂದುಳಿಯಲಿಲ್ಲವೆಂದು ತೋರಿಸಿದವು. ಕೆಡುಕಿರುವುದು ಬೇರೆ ಕಡೆ. ಮಗುವಿಗೆ 'ನೀರು', 'ಬಾ', 'ಬೇಡ' ಎನ್ನಲು ಬರುತ್ತದೆ, ಪರೀಕ್ಷೆ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ಕನ್ನಡ ತಿಳಿದವರು ಎದುರಿಗಿಲ್ಲದಿದ್ದರೆ ಆ ಮಾತುಗಳು ಲೆಕ್ಕಕ್ಕೇ ಬರುವುದಿಲ್ಲ. ಮನೆಯಲ್ಲಿ ಮಗು ಯಾವ ಭಾಷೆಯಲ್ಲಿ ಏನೆಲ್ಲ ಹೇಳುತ್ತದೆಂದು ಬರೆದಿಟ್ಟುಕೊಂಡು ಚಿಕಿತ್ಸಕರ ಮುಂದಿಡುವುದು ತಾಯ್ತಂದೆಯರು ಇಂದೇ ಮಾಡಬಹುದಾದ ಕೆಲಸ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರದ ಊರಿನವರಿಗೆ ವೀಡಿಯೊ ಮೂಲಕವೂ ತಪಾಸಣೆ, ತರಬೇತಿ ನೀಡುತ್ತದೆ. ಹತ್ತಿರದಲ್ಲಿ ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆಯ ಇಟಿಸಿ ಕೇಂದ್ರವಿದೆ, ವಿಶೇಷ ಶಿಕ್ಷಣವೂ ಥೆರಪಿಯೂ ಒಂದೇ ಸೂರಿನಡಿ. ಒಂದು ಮಹಾನಗರಪಾಲಿಕೆ ತಾನೇ ಇಂಥದ್ದನ್ನು ನಡೆಸುತ್ತಿರುವುದು ಮೆಚ್ಚಬೇಕಾದ ಕೆಲಸ. ಕೋಪರಖೈರಣೆಯಲ್ಲೇ ಇದ್ದು ಅದರ ಹೆಸರು ಕೇಳದ ಕನ್ನಡದ ತಾಯಿ ಇದ್ದರೆ ತಿಳಿಸಬೇಕಾದವರು ಅವಳ ಭಾಷೆಯ ಜನ.

ಇಂಥ ಮಗುವಿರುವ ಎಷ್ಟೋ ಕುಟುಂಬಗಳು ಸಮಾರಂಭಗಳಿಗೆ ಬರುವುದನ್ನು ಬಿಟ್ಟಿವೆ. ಧ್ವನಿವರ್ಧಕದ ಅಬ್ಬರಕ್ಕೆ ಮಗು ಕಿವಿ ಮುಚ್ಚಿ ಕಿರುಚುತ್ತದೆ, ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ, ಮುಂದಿನ ವರ್ಷ ಆ ಮನೆಯವರು ಬರುವುದಿಲ್ಲ. ಸಭಾಂಗಣದ ಪಕ್ಕ ಸದ್ದಿಲ್ಲದ ಒಂದು ಕೋಣೆ, ಒಂದು ಚಾಪೆ, ಜೊತೆಗೆ ಕೂರಲು ಒಬ್ಬ ಸ್ವಯಂಸೇವಕಿ, ಇಷ್ಟಿದ್ದರೆ ತಾಯಿಗೆ ಅರ್ಧ ಯಕ್ಷಗಾನವಾದರೂ ನೋಡಲು ಸಿಕ್ಕೀತು.

ಮಗು ಹದಿನೆಂಟು ದಾಟಿದ ಮೇಲೆ ಇನ್ನೊಂದು ತೊಡಕಿದೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರ ಪರವಾಗಿ ಸಹಿ ಹಾಕಲು ಆಮೇಲೆ ತಾಯ್ತಂದೆಯರಿಗೂ ತಾವಾಗಿ ಅಧಿಕಾರವಿರುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯಿಂದ ಪೋಷಕತ್ವ ಪಡೆಯಬೇಕು. ಬ್ಯಾಂಕಿನ ಕೌಂಟರಿನಲ್ಲಿ ನಿಂತಾಗಲೇ ಇದು ಹಲವರಿಗೆ ತಿಳಿಯುವುದು. ಅದೇ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಭರಿಸುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಅರ್ಜಿ, ಪ್ರಮಾಣಪತ್ರ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡುಗಳ ಓಡಾಟದಲ್ಲಿ ನೆರವಾಗಬಲ್ಲ ನಿವೃತ್ತ ಬ್ಯಾಂಕ್ ನೌಕರರು, ವಕೀಲರು ಈ ಭಾಗದ ಸಂಘಗಳಲ್ಲಿ ಧಾರಾಳವಾಗಿ ಇದ್ದಾರೆ.

ಹಿರಿಯರ ಆರೈಕೆಯಲ್ಲಿರುವವರ ದಣಿವೂ ಸಣ್ಣದಲ್ಲ. ಹಿರಿಯರು ಹೊತ್ತು ಕಳೆಯುವ ನವಿಮುಂಬಯಿಯ ವಿರಂಗುಳಾ ಕೇಂದ್ರಗಳಲ್ಲಿ ಮರಾಠಿ ಬಲ್ಲ ಅಜ್ಜಂದಿರು ಹೇಗೋ ಹೊಂದಿಕೊಳ್ಳುತ್ತಾರೆ. ಮರೆವಿನ ಕಾಯಿಲೆ ಬಂದವರಿಗೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುವುದುಂಟು. ಊರಿನ ಭಾಷೆಯಷ್ಟೇ ಉಳಿದರೆ ಮಗ ಸೊಸೆಯ ಹೊರತು ಮಾತಿಗೆ ಯಾರೂ ಇಲ್ಲ. ವಾರಕ್ಕೊಮ್ಮೆ ಎರಡು ತಾಸು ಒಬ್ಬರು ಬಂದು ಊರ ಸುದ್ದಿ ಹೇಳುತ್ತ ಕೂತರೆ ಸೊಸೆ ತನ್ನ ರಕ್ತದೊತ್ತಡವನ್ನಾದರೂ ಪರೀಕ್ಷಿಸಿಕೊಂಡು ಬರಬಹುದು. ನೋಡಿಕೊಳ್ಳುವವರ ಮನಸ್ಸೇ ಕುಸಿದರೆ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಈ ಟೆಲಿ ಮಾನಸ್‌ನಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ.

ಇನ್ನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ಅದರದೇ ಖಾರ್ಘರ್ ಕೇಂದ್ರದ ಮಾತು. ಕ್ಯಾನ್ಸರ್ ಬಂದ ಮಗುವನ್ನು ಎತ್ತಿಕೊಂಡು ಕರ್ನಾಟಕದಿಂದಲೂ ತಾಯ್ತಂದೆಯರು ಬರುತ್ತಾರೆ. ಇಂಥ ಕುಟುಂಬಗಳು ಬೀದಿಬದಿಯಲ್ಲಿ ಮಲಗುವುದನ್ನು ತಪ್ಪಿಸಲೆಂದೇ 2006ರಲ್ಲಿ ಮುಂಬಯಿಯಲ್ಲಿ ಸೇಂಟ್ ಜೂಡ್ ಕೇಂದ್ರಗಳು ಆರಂಭವಾದವು. ಚಿಕಿತ್ಸೆ ಮುಗಿಯುವವರೆಗೆ ಅಲ್ಲಿ ಉಚಿತ ವಸತಿ, ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ಸೇರಿ ಅಡುಗೆ ಮಾಡಿಕೊಳ್ಳಲು ಅಡುಗೆಮನೆ, ಆಸ್ಪತ್ರೆಗೆ ಹೋಗಿಬರಲು ವಾಹನ. ವಸತಿಯಿದ್ದರೂ ಭಾಷೆಯ ಗೋಡೆ ಉಳಿಯುತ್ತದೆ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದರಲ್ಲಿ ಇಂಡಿ ತಾಲ್ಲೂಕಿನ ತಾಯಿಗೆ ಎಷ್ಟು ಅರ್ಥವಾಗಬೇಕು? ಜೊತೆಗೆ ಹೋಗುವ ಕನ್ನಡಿಗರಿಗೆ ವೈದ್ಯಶಾಸ್ತ್ರ ತಿಳಿದಿರಬೇಕಿಲ್ಲ. ಒಪ್ಪಿಗೆ ಪತ್ರವನ್ನು ಸಹಿಗೆ ಮೊದಲು ಕನ್ನಡದಲ್ಲಿ ಓದಿ ಹೇಳಬೇಕು, ಮುಂದಿನ ತಾರೀಕು ಬರೆದುಕೊಡಬೇಕು, ಔಷಧಿ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕು, ಅಮ್ಮ ಊಟ ಮಾಡಿ ಬರುವವರೆಗೆ ಮಗುವಿನ ಪಕ್ಕ ಕೂರಬೇಕು. ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಬೇಗನೆ ಸಾಲು ಶುರುವಾಗುವುದರಿಂದ ಈ ಕೆಲಸಕ್ಕೆ ನಿವೃತ್ತರೇ ಹೆಚ್ಚು ಒದಗುತ್ತಾರೆ. ಘನ್ಸೋಲಿ, ಐರೋಲಿ, ವಾಶಿಯವರಿಗೆ ಖಾರ್ಘರ್ ಹತ್ತಿರ, ಡೊಂಬಿವಲಿ ಕಲ್ಯಾಣದವರಿಗೆ ಪರೇಲ್ ಸುಲಭ. ಯಾರು ಯಾವ ವಾರ ಎಂದು ಸಂಘದ ಮುಂದಿನ ಸಭೆಯಲ್ಲೇ ಹೆಸರು ಬರೆಸಿಕೊಳ್ಳಬಹುದು.