ಸುಂಕದ ಉಯ್ಯಾಲೆ
ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 2011ರ ಮುಂಗಡಪತ್ರ ಶೇಕಡ 30ರಿಂದ 5ಕ್ಕೆ ಇಳಿಸಿತು. 2013ರಲ್ಲಿ ಅದು 15ಕ್ಕೆ ಏರಿತು. ಮುಂದೆ 10ಕ್ಕೆ ಇಳಿದು, 2021ರಲ್ಲಿ ಮತ್ತೆ 15 ಆಯಿತು. ಇದನ್ನು ರಕ್ಷಣೆಯೆನ್ನಬೇಕೆ, ಉಯ್ಯಾಲೆಯೆನ್ನಬೇಕೆ?

ಅಗ್ಗದ ಚೀನಾ ನೂಲು ನೇಕಾರನಿಗೆ ಬೇಕೆಂಬ ವಾದವನ್ನು, ಗೂಡು ಮಾರಿದ ಹಣದಲ್ಲಿ ಓದಿದ ನಾನೂ ತಳ್ಳಿಹಾಕಲಾರೆ. ಮಗ್ಗ ನಿಂತರೆ ನಮ್ಮ ಗೂಡನ್ನು ಕೇಳುವವರಾರು? ಆದರೆ ಹಿಪ್ಪುನೇರಳೆಯೆಂದರೆ ರಾಗಿಯಲ್ಲ, ಈ ವರ್ಷ ಬಿಟ್ಟು ಬರುವ ವರ್ಷ ಬಿತ್ತಲು. ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ಸೊಪ್ಪು ಕೊಡುವ ಗಿಡ ಅದು. ದರ ಕುಸಿದ ದಿನ ರಾಮನಗರದ ಗೂಡಿನ ಮಾರುಕಟ್ಟೆಯಿಂದ ಸಾಲದ ಲೆಕ್ಕ ಹಾಕುತ್ತ ಮರಳಿದವನು ಅದನ್ನು ಬೇರುಸಹಿತ ಕಿತ್ತೊಗೆಯುತ್ತಾನೆ. ಆಮೇಲೆ ದೆಹಲಿ ಸುಂಕವೇರಿಸಿದರೆ, ಬೋಳು ಹೊಲಕ್ಕೆ ಬೇಲಿ ಕಟ್ಟಿದಂತಾಯಿತು.

ಇನ್ನೂ ಏರಿಸಿರೆಂದು ನಾನು ಕೇಳುತ್ತಿಲ್ಲ. ಹತ್ತು ವರ್ಷ ಇಂತಿಷ್ಟೇ ಎಂದು ಹೇಳಿ. ಹೇಳಿದ ಮಾತಿಗೆ ನಿಲ್ಲಿ.