ಹವ್ಯಾಸದ ಮೂಲೆ: ಲೆನ್ಸಿಗೂ ನ್ಯಾಯ ಬೇಕು



ಫಿಲ್ಮಿನ ಕ್ಯಾಮರಾದ ಕಾಲ ಮುಗಿಯಿತೆಂದು ನಾವು ತಿಳಿದಿದ್ದೆವು. ಈಗ ಮನೆಯ ಹುಡುಗರೇ ಅದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುತ್ತಿರುವುದು ಸೋಜಿಗವೇ ಸರಿ. ಸಂಘದಲ್ಲಿ ಸಿಕ್ಕಾಗಲೆಲ್ಲ ಅವರದೊಂದೇ ಪ್ರಶ್ನೆ: "ಮಾಮಾ, ಮುಖದ ಚಿತ್ರಕ್ಕೆ ಈ ಲೆನ್ಸು ಮೇಲೋ, ಆ ಲೆನ್ಸು ಮೇಲೋ?" ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಮ್ಮ ತಂದೆಯವರು ಬಿಟ್ಟುಹೋದ 50 ಮಿಲಿಮೀಟರಿನ ಎಫ್ 2 ಲೆನ್ಸು ನನ್ನಲ್ಲಿತ್ತು. ಹೆಚ್ಚು ಬೆಳಕು ಬರಲೆಂದು ಎಫ್ 1.4 ಲೆನ್ಸೊಂದನ್ನು ಕೊಂಡೆ. ಹಳೆಯದರಿಂದ ಮಳೆಗಾಲದ ಸಂಜೆ ಅಮ್ಮನ ಚಿತ್ರ ತೆಗೆದೆ. ಹೊಸದರಿಂದ ಮರುವಾರ, ಒಳ್ಳೆಯ ಬಿಸಿಲಿನಲ್ಲಿ, ಮಗಳ ಚಿತ್ರ. ಮಗಳದು ಚೆನ್ನಾಗಿ ಬಂತು. ಹಳೆಯ ಲೆನ್ಸನ್ನು ಮಾರಿಬಿಟ್ಟೆ. ವರ್ಷ ಕಳೆದ ಮೇಲೆ ಅಮ್ಮನ ನೆಗೆಟಿವನ್ನು ಭೂತಗನ್ನಡಿ ಹಿಡಿದು ನೋಡಿದರೆ, ಕಣ್ಣು ಮಸುಕಾಗಿತ್ತು. ಕಿವಿಯೋಲೆಯ ಹರಳುಗಳು ಮಾತ್ರ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ! ತಪ್ಪು ಲೆನ್ಸಿನದಲ್ಲ, ಫೋಕಸು ಹಿಡಿದ ನನ್ನದು.

ಮುಖದ ಚಿತ್ರದಲ್ಲಿ ಈ ಮೋಸ ಸುಲಭ. 85 ಮಿಲಿಮೀಟರಿನ ಲೆನ್ಸನ್ನು ಎಫ್ 1.4ಕ್ಕೆ ತೆರೆದು ಒಂದೂವರೆ ಮೀಟರ್ ದೂರದಲ್ಲಿ ಕುಳಿತವರನ್ನು ತೆಗೆದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಕುಳಿತವರು ನಗುತ್ತ ತುಸು ಮುಂದೆ ಬಾಗಿದರೂ ಕಣ್ಣು ಕೈತಪ್ಪಿತು. ಆದ್ದರಿಂದ ಒಂದೇ ಚಿತ್ರ ನೋಡಿ ಲೆನ್ಸಿನ ಯೋಗ್ಯತೆ ಅಳೆಯಬಾರದು.

ಹಾಗಾದರೆ ಹೋಲಿಸುವುದು ಹೇಗೆ? ಲೆನ್ಸೊಂದನ್ನು ಬಿಟ್ಟು ಬೇರೇನೂ ಬದಲಾಗಬಾರದು, ಇಷ್ಟೇ ಸೂತ್ರ.

ಮೊದಲನೆಯದು, ಎರಡೂ ಒಂದೇ ಮಿಲಿಮೀಟರಿನವಾಗಿರಲಿ. 85ರಲ್ಲಿ ಬಂದಷ್ಟೇ ದೊಡ್ಡ ಮುಖ 50ರಲ್ಲಿ ಬರಬೇಕಾದರೆ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ಅದು ದೂರದ ಗುಣ, ಲೆನ್ಸಿನ ದೋಷವಲ್ಲ.

ಎರಡನೆಯದು, ಎಫ್ ಅಂಕಿಯೂ ಒಂದೇ ಇರಲಿ. 1.4ರಲ್ಲಿ ಬರುವ ಬೆಳಕು 2ರಲ್ಲಿ ಬರುವುದರ ಎರಡರಷ್ಟು, ಸ್ಪಷ್ಟತೆಯ ಆಳ ಕಡಿಮೆ. ಎರಡನ್ನೂ 2, 2.8, 4ರಲ್ಲಿ ನೋಡಿ. 1.4ಕ್ಕೆ ಅಲ್ಲಿ ಪ್ರತಿಸ್ಪರ್ಧಿಯೇ ಇಲ್ಲ. ಅದನ್ನು ಬೇರೆಯಾಗಿ ನೋಡಿ.

ಮೂರನೆಯದು, ಪ್ರತಿ ಚಿತ್ರಕ್ಕೂ ಕಣ್ಣಿನ ಮೇಲೆ ಹೊಸದಾಗಿ ಫೋಕಸು ಹಿಡಿಯಿರಿ. ಕೆಲವು ಲೆನ್ಸುಗಳಲ್ಲಿ ಎಫ್ ಅಂಕಿ ಬದಲಿಸಿದರೆ ಫೋಕಸೇ ಜರುಗುತ್ತದೆ. ಬರ್ಟೆಲೆ ಎಂಬವರು ರೂಪಿಸಿದ, 1930ರ ದಶಕದ ಝೈಸ್ ಸೊನ್ನಾರ್ ಎಫ್ 1.5 ಇದಕ್ಕೆ ಹೆಸರಾದದ್ದು. ಆದ್ದರಿಂದ ಮೂರು ಮೂರು ತೆಗೆದು, ಮೂರರಲ್ಲಿ ಉತ್ತಮವಾದುದನ್ನೇ ಹೋಲಿಕೆಗೆ ಇಡಿ.

ಕೊನೆಯದು, ಒಂದೇ ರೋಲು, ಒಂದೇ ಕಿಟಕಿಯ ಬೆಳಕು, ಒಂದೇ ಶಟರ್ ವೇಗ, ಕ್ಯಾಮರಾ ಸ್ಟ್ಯಾಂಡಿನ ಮೇಲೆ. ನೆಗೆಟಿವನ್ನು ಸ್ಕ್ಯಾನ್ ಮಾಡಿಸುವುದಾದರೆ, ಯಂತ್ರ ತಾನಾಗಿಯೇ ಚಿತ್ರವನ್ನು ತಿದ್ದದಂತೆ ಮೊದಲೇ ಹೇಳಿ. ಇಲ್ಲವಾದರೆ ನೀವು ಹೋಲಿಸುವುದು ಯಂತ್ರದ ಜಾಣತನವನ್ನು!

ಎರಡು ಲೆನ್ಸು, ಮೂರು ಅಂಕಿ, ಮೂರು ಸಲ: ಒಟ್ಟು 18 ಚಿತ್ರ. 36ರ ರೋಲಿನಲ್ಲಿ ಅರ್ಧ ಉಳಿಯಿತು. ಫಿಲ್ಮು ತುಟ್ಟಿಯಾದ ಈ ಕಾಲದಲ್ಲಿ ಉಳಿದರ್ಧ ಮನೆಮಂದಿಗಿರಲಿ.

ತೀರ್ಪು ಕೊಡುವಾಗ ಪ್ರಿಂಟಿನ ಹಿಂದೆ ಲೆನ್ಸಿನ ಹೆಸರು ಬೇಡ, ಬರಿಯ ನಂಬರು ಸಾಕು. ಬೆಲೆ ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ. ತಂದೆಯವರದೇ ಮಾದರಿಯ ಲೆನ್ಸನ್ನು ಗೆಳೆಯರಿಂದ ಎರವಲು ತಂದು ನಾನೂ ಹೀಗೆ ಪರೀಕ್ಷಿಸಿದೆ. 2.8ರಲ್ಲಿ ಯಾವುದು ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. 2ರಲ್ಲಿ ಹಳೆಯದು ತುಸು ಮೃದು. ಅಮ್ಮ ಅದನ್ನೇ ಎತ್ತಿಕೊಂಡು, "ಇದರಲ್ಲಿ ಸುಕ್ಕು ಕಡಿಮೆ ಕಣೋ, ಇದೇ ಇರಲಿ" ಎಂದರು. ಮಾರಿದ ಲೆನ್ಸು ಮತ್ತೆ ಬರಲಿಲ್ಲ.

ರಜೆಗೆ ಊರಿಗೆ ಹೊರಡುವ ಮಿತ್ರರೇ, ಲೆನ್ಸಿನ ಈ ಪಂಚಾಯಿತಿಯನ್ನು ಇಲ್ಲೇ ಮುಗಿಸಿಕೊಂಡು ಹೋಗಿ. ಅಲ್ಲಿ ಜಗಲಿಯ ಮೇಲೆ ಅಜ್ಜಿ ಕುಳಿತಿರುತ್ತಾರೆ. ಅವರನ್ನು ನಾವು ಕಾಣುವುದು ವರ್ಷಕ್ಕೊಮ್ಮೆ. ಆಗ ಫೋಕಸು ಅವರ ಕಣ್ಣಿನ ಮೇಲಿರಲಿ, ಓಲೆಯ ಮೇಲಲ್ಲ.